‘ಲೇಖಕ’ಕ್ಕೂ ‘ಲೇಖಕ’ಕ್ಕೂ ಹೊಂದಿಕೆಯಿಲ್ಲ

ತೆರೆದಿರುವುದು ‘ಲೇಖಕ’, ಮುಚ್ಚಿರುವುದು ‘ಲೇಖಕ’, ಇವೆರಡೂ ಹೊಂದುತ್ತಿಲ್ಲ.

ಕಂಪ್ಯೂಟರ್ ನನಗೆ ಹೇಳಿದ್ದು ಇಷ್ಟೇ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅದೇ ‘ಲೇಖಕ’, ಅದೇ ‘ಲೇಖಕ’. ಕಾಗುಣಿತ ಸರಿ ಇದೆ, ಒತ್ತು ಇಲ್ಲ, ಸೊನ್ನೆ ಇಲ್ಲ. ನಾಲ್ಕಕ್ಷರ ಓದಲು ಬರುವ ಯಾರಿಗೆ ತೋರಿಸಿದರೂ ಎರಡೂ ಒಂದೇ ಅಂತಾರೆ. ಮೆಷಿನ್ ಮಾತ್ರ ಒಪ್ಪುತ್ತಿಲ್ಲ.

ಸಂಗತಿ ಏನೆಂದರೆ, ಊರಿನ ಒಂದು ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಎಕ್ಸ್‌ಎಂಎಲ್ ಕಡತವಾಗಿ ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಒಂದಷ್ಟು ಭಾಗ ನಾನೇ ಟೈಪ್ ಮಾಡಿದ್ದು. ಇನ್ನೊಂದಷ್ಟು ಬೇರೆಯವರು ಮಾಡಿದ್ದು. ಉಳಿದದ್ದು ಯಾವುದೋ ಕಾಲದ ಹಳೆ ಫಾಂಟ್‌ನಲ್ಲಿದ್ದ ಕಡತದಿಂದ ಯುನಿಕೋಡ್‌ಗೆ, ಅಂದರೆ ಪ್ರತಿ ಅಕ್ಷರ-ಚಿಹ್ನೆಗೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆಗೆ, ಬದಲಾಯಿಸಿದ್ದು. ಎಲ್ಲ ಸೇರಿಸಿ ಒಮ್ಮೆ ಪರೀಕ್ಷೆ ಮಾಡೋಣ ಅಂತ ಹೊರಟಾಗ ಈ ಜಗಳ ಶುರುವಾಯಿತು.

ಎಕ್ಸ್‌ಎಂಎಲ್ ದೊಡ್ಡ ವಿದ್ಯೆಯೇನಲ್ಲ. ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸುತ್ತೇವಲ್ಲ, ಅದೇ. ಪುಸ್ತಕದ ಹೆಸರು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಎರಡೂ ಕಡೆ ಚೀಟಿ ಹಚ್ಚಬೇಕು. <ಲೇಖಕ> ಎಂದು ತೆರೆದರೆ </ಲೇಖಕ> ಎಂದು ಮುಚ್ಚಬೇಕು. ಡಬ್ಬದೊಳಗೆ ಡಬ್ಬ ಇಡಬಹುದು, ಆದರೆ ಒಳಗಿನದರ ಮುಚ್ಚಳ ಹಾಕದೆ ಹೊರಗಿನದನ್ನು ಮುಚ್ಚುವಂತಿಲ್ಲ. ಚೀಟಿಯ ಹೆಸರು ಕನ್ನಡದಲ್ಲೇ ಇರಬಹುದು. 1998ರ ಫೆಬ್ರವರಿ 10ರಂದು ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಈ ನಿಯಮಗಳನ್ನು ಹೊರತಂದಾಗಲೇ ಕನ್ನಡದ ಅಕ್ಷರಗಳಿಗೆ ಅದರಲ್ಲಿ ಜಾಗ ಇತ್ತು. ನಮ್ಮವರು ಇದನ್ನು ಜಾಸ್ತಿ ಬಳಸಲಿಲ್ಲ, ಅದು ಬೇರೆ ಮಾತು.

ಇದರ ಬೇರು ಇನ್ನೂ ಹಳೆಯದು. 1969ರಲ್ಲಿ ಐಬಿಎಂನಲ್ಲಿ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಸೇರಿ ಕಡತಗಳಿಗೆ ಗುರುತು ಹಚ್ಚುವ ಒಂದು ಭಾಷೆ ಮಾಡಿದರು. ಅದರ ಹೆಸರು ಜಿಎಂಎಲ್. ಮೂವರ ಹೆಸರಿನ ಮೊದಲ ಅಕ್ಷರಗಳೂ ಜಿ, ಎಂ, ಎಲ್! ಅದೇ ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಎಕ್ಸ್‌ಎಂಎಲ್ ಅದರ ಸೊರಗಿದ, ಚುರುಕಾದ ಮಗಳು.

ಇವತ್ತು ಅದು ಎಲ್ಲಿಲ್ಲ ಹೇಳಿ. ನೀವು ಬರೆಯುವ ವರ್ಡ್ ಕಡತ, ಅಂದರೆ ಡಾಕ್ಸ್, ಅದರ ಒಳಗಿರುವುದು ಜಿಪ್ ಮಾಡಿಟ್ಟ ಎಕ್ಸ್‌ಎಂಎಲ್. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಇಳಿಸಿಕೊಂಡರೆ ಕೈಗೆ ಬರುವುದು ಡಿಜಿಟಲ್ ಸಹಿ ಇರುವ ಒಂದು ಎಕ್ಸ್‌ಎಂಎಲ್. ಕನ್ನಡ ವಿಕಿಪೀಡಿಯದ ಲೇಖನಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳುತ್ತೇನೆ ಅಂದರೂ ಸಿಗುವುದು ಎಕ್ಸ್‌ಎಂಎಲ್ ಕಡತವೇ.

ಇದನ್ನು ಪರೀಕ್ಷಿಸಲು ನಾನು ಬಳಸುವುದು ಎಕ್ಸ್‌ಎಂಎಲ್‌ಲಿಂಟ್ ಎಂಬ ಪುಟ್ಟ ಸಲಕರಣೆ. ಬಟ್ಟೆಗೆ ಅಂಟಿದ ಹತ್ತಿಯ ಎಳೆಗೆ ಇಂಗ್ಲಿಷಿನಲ್ಲಿ ಲಿಂಟ್ ಅಂತಾರೆ. ಅದನ್ನು ಹೆಕ್ಕಿ ತೆಗೆಯುವ ಕೆಲಸ ಅಂತ ಈ ಹೆಸರು. ಇದು ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ. ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಮ್ಯಾಕ್‌ನಲ್ಲಂತೂ ಮೊದಲೇ ಇರುತ್ತದೆ. ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಲು ಹಿಂಜರಿಕೆ ಇರುವವರಿಗೆ ಎಕ್ಸ್‌ಎಂಎಲ್ ಕಾಪಿ ಎಡಿಟರ್ ಇದೆ. ಅದರಲ್ಲಿ ತಿದ್ದುತ್ತಾ ತಿದ್ದುತ್ತಾ ಪರೀಕ್ಷೆಯನ್ನೂ ಮಾಡಬಹುದು. ಅದೂ ಮುಕ್ತ. ಎಕ್ಸ್‌ಎಂಎಲ್‌ಲಿಂಟ್‌ನ ಹೊಟ್ಟೆಯಲ್ಲಿರುವುದು ಲಿಬ್‌ಎಕ್ಸ್‌ಎಂಎಲ್2 ಎಂಬ ಎಂಜಿನ್. ಅದರ ಕತೆಗೆ ಆಮೇಲೆ ಬರುತ್ತೇನೆ.

ಪರೀಕ್ಷೆಯಲ್ಲಿ ಎರಡು ಮೆಟ್ಟಿಲು. ಲಗ್ನಪತ್ರಿಕೆಯನ್ನು ನೆನಪಿಸಿಕೊಳ್ಳಿ. ಮೊದಲ ಮೆಟ್ಟಿಲಲ್ಲಿ ನೋಡುವುದು ತೆರೆದದ್ದನ್ನೆಲ್ಲ ಮುಚ್ಚಿದ್ದೀರಾ ಅಂತ ಮಾತ್ರ. ಒಳಗೆ ವರನ ಹೆಸರೇ ಇಲ್ಲದಿದ್ದರೂ ಅದಕ್ಕೆ ಚಿಂತೆಯಿಲ್ಲ. ಎರಡನೆಯದರಲ್ಲಿ ಒಂದು ಸ್ಕೀಮಾ ಕೊಡುತ್ತೇವೆ, ಅಂದರೆ ಪತ್ರಿಕೆ ಹೇಗಿರಬೇಕು ಎಂಬ ನಿಯಮಪಟ್ಟಿ. ವರ ಒಬ್ಬನೇ, ವಧು ಒಬ್ಬಳೇ, ಮುಹೂರ್ತ ಇರಲೇಬೇಕು. ‘ಉಡುಗೊರೆ ಬೇಡ’ ಎಂಬ ಸಾಲು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಕೊನೆಯಲ್ಲಿ ‘ಸುಖಾಗಮನ ಬಯಸುವವರು’ ಒಬ್ಬರಾದರೂ ಇರಬೇಕು, ಎಷ್ಟು ಬೇಕಾದರೂ ಇರಬಹುದು, ಅದರ ಮುಂದೆ ಕೂಡುವ ಚಿಹ್ನೆ. ಇದು ನಾನು ತಮಾಷೆಗೆ ಹುಟ್ಟಿಸಿದ್ದಲ್ಲ, ನಿಯಮ ಬರೆಯುವ ಕೆಲವು ಪದ್ಧತಿಗಳಲ್ಲಿ ನಿಜವಾಗಿಯೂ ಈ ಚಿಹ್ನೆಗಳನ್ನೇ ಹಾಕುತ್ತಾರೆ.

ಮೊದಲ ಮೆಟ್ಟಿಲಲ್ಲಿ ಎಡವಿದರೆ ಎಕ್ಸ್‌ಎಂಎಲ್ ಮುಲಾಜಿಲ್ಲದೆ ಅಲ್ಲೇ ನಿಲ್ಲಿಸಿಬಿಡುತ್ತದೆ. ವೆಬ್ ಪುಟಗಳ ಎಚ್‌ಟಿಎಂಎಲ್ ಹಾಗಲ್ಲ. ಅಲ್ಲಿ ನೀವು ಮುಚ್ಚಲು ಮರೆತರೂ ‘ಹೀಗಿರಬಹುದು’ ಅಂತ ಬ್ರೌಸರ್ ತಾನೇ ಊಹಿಸಿಕೊಳ್ಳುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ, ಔಷಧಿಯ ಪಟ್ಟಿಯಲ್ಲಿ ಯಾರಾದರೂ ಹಾಗೆ ಊಹಿಸಿಕೊಂಡು ಹೋದರೆ ಒಪ್ಪುತ್ತೇವಾ? ಈ ಬಿಗಿತನ ನನಗೆ ಇಷ್ಟ. ಅಂದರೆ, ಅವತ್ತಿನವರೆಗೂ ಇಷ್ಟ ಇತ್ತು.

ಅವತ್ತು ಮುಚ್ಚುವ ‘ಲೇಖಕ’ವನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದೆ. ಮತ್ತೆ ಅದೇ ತಕರಾರು. ಇನ್ನೊಮ್ಮೆ ಅಳಿಸಿದೆ, ಇನ್ನೊಮ್ಮೆ ಟೈಪ್ ಮಾಡಿದೆ. ಊಹೂಂ. ತಲೆ ಕೆಟ್ಟುಹೋಯಿತು. ಕನ್ನಡ ಅಂದರೆ ಈ ತಂತ್ರಾಂಶಕ್ಕೆ ಅಲರ್ಜಿ ಇರಬೇಕು ಅಂತ ತೀರ್ಮಾನಿಸಿಬಿಟ್ಟೆ. ತಂತ್ರಾಂಶವನ್ನು ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಒಂದು ಖಾರವಾದ ದೂರು ಬರೆಯಲು ಕೂತೆ. ‘ನಿಮ್ಮ ಸಲಕರಣೆಗೆ ಕನ್ನಡ ಬರುವುದಿಲ್ಲ’ ಅಂತ ಶೀರ್ಷಿಕೆ ಕೂಡ ರೆಡಿ ಇತ್ತು.

ದೂರು ಕೊಡುವ ಮುಂಚೆ ಯಾರಿಗೆ ಕೊಡುತ್ತಿದ್ದೇನೆ ಅಂತ ಸುಮ್ನೆ ನೋಡಿದೆ. ನೋಡಿದ್ದು ಒಳ್ಳೆಯದಾಯಿತು.

ಲಿಬ್‌ಎಕ್ಸ್‌ಎಂಎಲ್ ಅನ್ನು 1990ರ ದಶಕದ ಕೊನೆಯಲ್ಲಿ ಶುರುಮಾಡಿದವರು ಡಾನಿಯೆಲ್ ವೆಯಾರ್. ಲಿನಕ್ಸ್‌ನ ಗ್ನೋಮ್ ಯೋಜನೆಯ ಜೊತೆ ಬೆಳೆದ ಕೆಲಸ ಅದು. ಆಮೇಲೆ ಅದು ಎಲ್ಲೆಲ್ಲಿಗೆ ಹೋಯಿತು ನೋಡಿ: ಕ್ರೋಮ್, ಸಫಾರಿ, ಐಫೋನ್, ಪಿಎಚ್‌ಪಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎಲ್‌ಎಕ್ಸ್‌ಎಂಎಲ್, ಪೋಸ್ಟ್‌ಗ್ರೆಸ್ ಡೇಟಾಬೇಸ್. ಇಷ್ಟೆಲ್ಲ ಕಡೆ ಇರುವ ವಸ್ತುವನ್ನು ಈಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು, ನಿಕ್ ವೆಲ್ನ್‌ಹೋಫರ್. ಸ್ವಯಂಸೇವಕರಾಗಿ, ಅಂದರೆ ಸಂಬಳವಿಲ್ಲದೆ.

ಕೆಲಸ ಸಣ್ಣದಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಎಕ್ಸ್‌ಎಂಎಲ್‌ನಲ್ಲಿ ಒಂದು ಚುಟುಕು ಹೆಸರಿಟ್ಟು, ಅದು ಕಂಡಲ್ಲೆಲ್ಲ ಬೇರೆ ಪಠ್ಯ ತುಂಬಿಸು ಅಂತ ಹೇಳಬಹುದು. ಯಾರೋ ಕಿಡಿಗೇಡಿ ಏನು ಮಾಡಿದ ಅಂದರೆ, ಮೂರಕ್ಷರದ ಒಂದು ನಗುವಿಗೆ ಹೆಸರಿಟ್ಟ. ಎರಡನೇ ಹೆಸರು ಅಂದರೆ ಮೊದಲನೆಯದು ಹತ್ತು ಸಲ. ಮೂರನೆಯದು ಅಂದರೆ ಎರಡನೆಯದು ಹತ್ತು ಸಲ. ಹೀಗೆ ಒಂಬತ್ತು ಸುತ್ತು. ಕಡತದ ಗಾತ್ರ ಒಂದು ಕಿಲೋಬೈಟ್ ಕೂಡ ಇಲ್ಲ. ಬಿಡಿಸುತ್ತಾ ಹೋದರೆ 100 ಕೋಟಿ ನಗು, ಸುಮಾರು 3 ಗಿಗಾಬೈಟ್. ಪಾಪದ ಕಂಪ್ಯೂಟರ್ ನಕ್ಕೂ ನಕ್ಕೂ ಕುಸಿದುಬೀಳುತ್ತದೆ. ಚದುರಂಗದ ಮನೆಯಿಂದ ಮನೆಗೆ ದುಪ್ಪಟ್ಟು ಭತ್ತ ಇಡುವ ನಮ್ಮ ಹಳೇ ಕತೆ ಇದೆಯಲ್ಲ, ಅದರ ದುಷ್ಟ ತಮ್ಮ ಇವನು. ಇಂಥ ಪ್ರತಿಯೊಂದು ಕುತಂತ್ರಕ್ಕೂ ಪರೀಕ್ಷಿಸುವ ತಂತ್ರಾಂಶದಲ್ಲಿ ತಡೆಗೋಡೆ ಕಟ್ಟಬೇಕು. ಕಟ್ಟುತ್ತಿದ್ದವರು ಒಬ್ಬರೇ.

ಭದ್ರತೆಯ ದೋಷ ಸಿಕ್ಕರೆ ಸದ್ದಿಲ್ಲದೆ ಮೇಂಟೇನರ್‌ಗೆ ತಿಳಿಸಿ, ಇಷ್ಟು ದಿನದೊಳಗೆ ಸರಿಮಾಡು, ಅಲ್ಲಿವರೆಗೆ ಗುಟ್ಟಾಗಿರಲಿ ಅನ್ನುವುದು ಈ ಲೋಕದ ಪದ್ಧತಿ. ಹುಡುಕುವವರಲ್ಲಿ ಬಹಳ ಜನ ಸಂಬಳಕ್ಕೆ ಹುಡುಕುತ್ತಾರೆ. ಸರಿಮಾಡುವವರು ಬಿಟ್ಟಿ. 2025ರಲ್ಲಿ ವೆಲ್ನ್‌ಹೋಫರ್ ಸಾಕು ಅಂದರು. ವಾರಕ್ಕೆ ಹಲವು ಗಂಟೆ ಇದಕ್ಕೇ ಹೋಗುತ್ತಿದೆ, ಸಂಬಳವಿಲ್ಲದೆ ಇದು ನಡೆಯುವ ಮಾತಲ್ಲ, ಇನ್ನು ಮುಂದೆ ಗುಟ್ಟಿನ ಗಡುವು ಒಪ್ಪುವುದಿಲ್ಲ, ಭದ್ರತೆಯ ದೋಷವೂ ಉಳಿದ ದೋಷಗಳ ಹಾಗೆ ಎಲ್ಲರ ಮುಂದೆಯೇ ಇರುತ್ತದೆ, ಸಮಯ ಸಿಕ್ಕಾಗ ನೋಡುತ್ತೇನೆ ಅಂತ ಬರೆದರು. ಅದೇ ವರ್ಷ ಹೊಣೆಯಿಂದಲೂ ಇಳಿದರು.

ಈ ತಂತ್ರಾಂಶದ ಪರವಾನಗಿ ಎಂಐಟಿ. ಅದರ ಸಾರ ಎರಡೇ ಮಾತು: ಏನು ಬೇಕಾದರೂ ಮಾಡಿಕೊಳ್ಳಿ, ಇದ್ದದ್ದು ಇದ್ದ ಹಾಗೆ ಕೊಟ್ಟಿದ್ದೇವೆ, ಯಾವ ಗ್ಯಾರಂಟಿಯೂ ಇಲ್ಲ. ‘ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ’ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಿರುತ್ತಾರಲ್ಲ, ಆ ಥರ. ವ್ಯತ್ಯಾಸ ಏನೆಂದರೆ ಇಲ್ಲಿ ಮಾರಿಯೂ ಇಲ್ಲ. ಕೋಟಿಗಟ್ಟಲೆ ದುಡಿಯುವ ಕಂಪನಿಗಳು ಈ ಬೋರ್ಡ್ ಓದದೆ ಅಂಗಡಿಯವನನ್ನು ರಾತ್ರಿ ಎಬ್ಬಿಸುವುದು ನ್ಯಾಯವಲ್ಲ ಅನ್ನುವುದು ನನ್ನ ಅಭಿಪ್ರಾಯ. ದುಡ್ಡು ಕೊಡಬೇಕಾದವರು ಮೊದಲು ಅವರು.

ನನ್ನಂಥವನು ಏನು ಕೊಡಬಹುದು? ಈ ತಂತ್ರಾಂಶವನ್ನು ಬರೆದಿರುವ ಸಿ ಭಾಷೆ ಬರುವುದಿಲ್ಲ. ಕೊಡುವ ದುಡ್ಡು ಕಾಫಿಗೆ ಆದೀತು ಅಷ್ಟೇ. ಕನಿಷ್ಠ ದೂರನ್ನಾದರೂ ನೆಟ್ಟಗೆ ಬರೆಯೋಣ ಅನ್ನಿಸಿತು. ‘ಕೆಲಸ ಮಾಡ್ತಿಲ್ಲ, ಬೇಗ ಸರಿಮಾಡಿ’ ಅಂತ ಬರೆದರೆ ಆ ಕಡೆಯವರ ಅರ್ಧ ದಿನ ಹಾಳು. ಯಾವ ಆವೃತ್ತಿ, ಯಾವ ಕಮಾಂಡ್ ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಇಷ್ಟು ಹೇಳಬೇಕು. ಜೊತೆಗೆ ದೋಷ ಕಾಣಿಸುವ ಅತಿ ಚಿಕ್ಕ ಕಡತ ಇಡಬೇಕು. ಇಡೀ ಗ್ರಂಥಾಲಯವನ್ನು ಅವರ ತಲೆ ಮೇಲೆ ಹೊರಿಸಬಾರದು.

ಹಾಗಾಗಿ ಕತ್ತರಿಸಲು ಶುರುಮಾಡಿದೆ. ತಕರಾರು ಬಂದ ಪುಸ್ತಕವೊಂದನ್ನು ಉಳಿಸಿ ಮಿಕ್ಕ ಪುಸ್ತಕಗಳನ್ನೆಲ್ಲ ಅಳಿಸಿದೆ. ಜಗಳ ಉಳಿಯಿತು. ಬೆಲೆ, ಪ್ರಕಾಶಕ, ಪುಟಸಂಖ್ಯೆ ತೆಗೆದೆ. ಉಳಿಯಿತು. ಕೊನೆಗೆ ಮೂರೇ ಸಾಲು: ಪುಸ್ತಕ ತೆರೆ, ನಡುವೆ ಲೇಖಕ, ಪುಸ್ತಕ ಮುಚ್ಚು. ಆಗಲೂ ಅದೇ ಜಗಳ. ಮೂರು ಸಾಲಲ್ಲಿ ಬಚ್ಚಿಟ್ಟುಕೊಳ್ಳಲು ಯಾವುದಕ್ಕೂ ಜಾಗ ಇರುವುದಿಲ್ಲ. ಏನೋ ಹೊಳೆದು, ಪೈಥಾನ್‌ನಲ್ಲಿ ಎರಡೂ ಚೀಟಿಗಳ ಅಕ್ಷರ ಎಣಿಸಿದೆ. ಮುಚ್ಚುವ ‘ಲೇಖಕ’ದಲ್ಲಿ 4. ತೆರೆಯುವ ‘ಲೇಖಕ’ದಲ್ಲಿ 5.

ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು.

ಕಾಗುಣಿತ ಕಲಿತ ದಿನ ನೆನಪಿದೆಯಾ? ಲ-ಕ್ಕೆ ಎತ್ವ ಕೊಟ್ಟರೆ ಲೆ, ಅದಕ್ಕೆ ದೀರ್ಘ ಕೊಟ್ಟರೆ ಲೇ. ಯುನಿಕೋಡ್‌ನಲ್ಲಿ ಆ ಹಾದಿಯೂ ಇದೆ: ಎತ್ವದ ಸಂಖ್ಯೆ 3270, ದೀರ್ಘದ ಗೀಟಿನ ಸಂಖ್ಯೆ 3285, ಎರಡನ್ನೂ ಒಂದರ ಹಿಂದೆ ಒಂದು ಇಡಬಹುದು. ಇನ್ನೊಂದು ಹಾದಿಯಲ್ಲಿ ‘ಏ’ ಸ್ವರದ ಚಿಹ್ನೆಗೇ ಒಂದು ಸಂಖ್ಯೆ ಇದೆ, 3271. ಪರದೆಯ ಮೇಲೆ ಎರಡೂ ಒಂದೇ ‘ಲೇ’. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು. ನನ್ನ ಕೀಲಿಮಣೆ ಯಾವಾಗಲೂ 3271 ಹಾಕುತ್ತದೆ. ಹಳೆ ಫಾಂಟ್‌ನಿಂದ ಬಂದ ಭಾಗದಲ್ಲಿ ಎತ್ವ ಬೇರೆ, ದೀರ್ಘ ಬೇರೆ ಇತ್ತು. ನಾನು ಮತ್ತೆ ಮತ್ತೆ ಅಳಿಸಿ ಟೈಪ್ ಮಾಡುತ್ತಿದ್ದದ್ದು ಮುಚ್ಚುವ ಚೀಟಿಯನ್ನು. ತಪ್ಪಿದ್ದದ್ದು ತೆರೆಯುವುದರಲ್ಲಿ!

ಎರಡೂ ರೂಪ ಸಮಾನ ಅಂತ ಯುನಿಕೋಡ್ ಹೇಳುತ್ತದೆ. ಆದರೆ ಎಕ್ಸ್‌ಎಂಎಲ್‌ನ ನಿಯಮ ಬೇರೆ: ಸಂಖ್ಯೆಗೆ ಸಂಖ್ಯೆ ಹೊಂದಿದರೆ ಮಾತ್ರ ಒಂದೇ ಹೆಸರು. ಎಕ್ಸ್‌ಎಂಎಲ್‌ಲಿಂಟ್ ಮಾಡಿದ್ದು ನೂರಕ್ಕೆ ನೂರು ಸರಿ. ದೂರಿನ ಕರಡನ್ನು ಅಳಿಸಿಹಾಕಿದೆ.

ನಿಜವಾದ ಗಾಬರಿ ಬಂದದ್ದು ಆಮೇಲೆ. ಚೀಟಿಯಲ್ಲಿ ಇಂಥದ್ದು ಇದ್ದದ್ದಕ್ಕೆ ತಂತ್ರಾಂಶ ಕೂಗಿತು. ಒಳಗಿನ ಪಠ್ಯದಲ್ಲಿ ಇದ್ದರೆ? ಅಲ್ಲಿ ಅದು ಬಾಯಿ ಬಿಡುವುದಿಲ್ಲ, ಡಬ್ಬದೊಳಗೆ ಏನು ಬರೆದಿದ್ದರೂ ಅದಕ್ಕೆ ಅಭ್ಯಂತರವಿಲ್ಲ. ‘ಬೇಸಾಯ’ ಅಂತ ಹುಡುಕಿ ನೋಡಿದೆ. ಸಿಕ್ಕ ಪುಸ್ತಕಗಳು ಕಡಿಮೆ ಅನ್ನಿಸಿತು. ಎತ್ವ, ದೀರ್ಘ ಬಿಡಿಬಿಡಿಯಾಗಿ ಹಾಕಿ ಹುಡುಕಿದೆ. ಉಳಿದವು ಹೊರಬಂದವು. ಗ್ರಂಥಾಲಯಕ್ಕೆ ಬಂದ ಯಾರೋ ರೈತರು ‘ಆ ಪುಸ್ತಕ ಇಲ್ಲ’ ಅಂತ ವಾಪಸು ಹೋಗುತ್ತಿದ್ದರು, ಪುಸ್ತಕ ಕಪಾಟಿನಲ್ಲೇ ಇರುತ್ತಿತ್ತು. ಇಡೀ ಕಡತವನ್ನು ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದೆ. 3270, 3285 ಜೊತೆಯಾಗಿ ಕಂಡಲ್ಲೆಲ್ಲ 3271 ಆಗುತ್ತದೆ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ.

ದೂರು ನಿಜವೇ ಆಗಿದ್ದಿದ್ದರೆ ಆ ಮೂರು ಸಾಲು ಎಲ್ಲಿಗೆ ಹೋಗುತ್ತಿತ್ತು ಅನ್ನುವುದೂ ಸ್ವಾರಸ್ಯಕರ. ಲಿಬ್‌ಎಕ್ಸ್‌ಎಂಎಲ್2 ಮೂಲಸಂಕೇತದ ಜೊತೆ ಪರೀಕ್ಷೆಯ ಕಡತಗಳ ಒಂದು ಫೋಲ್ಡರ್ ಇದೆ, ಪಕ್ಕದಲ್ಲಿ ಪ್ರತಿಯೊಂದಕ್ಕೂ ಬರಬೇಕಾದ ಉತ್ತರದ ಇನ್ನೊಂದು ಫೋಲ್ಡರ್. ಯಾರೋ ಎಂದೋ ಕಳಿಸಿದ ಪುಟ್ಟ ಕಡತ ಅಲ್ಲಿ ಸೇರಿಕೊಂಡರೆ, ಮುಂದೆ ಯಾರೇ ಒಂದು ಸಾಲು ತಿದ್ದಿದರೂ ಅದನ್ನು ಮತ್ತೆ ಓಡಿಸಿ ನೋಡುತ್ತಾರೆ. ಹಳೇ ದೋಷ ಮತ್ತೆ ತಲೆ ಎತ್ತಿದರೆ ತಕ್ಷಣ ಗೊತ್ತಾಗುತ್ತದೆ. ಕಳಿಸಿದವರು ಮರೆತಿದ್ದರೂ ಅವರ ಕಡತ ಕಾವಲು ಕಾಯುತ್ತಿರುತ್ತದೆ. ಸಿ ಭಾಷೆ ಬಾರದವರೂ ಅಲ್ಲಿಗೆ ಕೊಡಬಹುದಾದ ಕಾಣಿಕೆ ಇದು.

ನನ್ನ ಮೂರು ಸಾಲಿಗೆ ಆ ಭಾಗ್ಯ ಇಲ್ಲ. ಆದರೂ ಅಳಿಸದೆ ಇಟ್ಟುಕೊಂಡಿದ್ದೇನೆ.

ಮೊನ್ನೆ ಒಂದು ಶಬ್ದಕೋಶದ ಕೆಲಸ ಮಾಡುತ್ತಿರುವ ಗೆಳತಿ ಫೋನ್ ಮಾಡಿದ್ದಳು. ಎತ್ತಿದ ಕೂಡಲೇ ಬೈಗುಳ. ‘ನೀನು ಹೇಳಿದ ಟೂಲ್ ಕೆಟ್ಟೋಗಿದೆ ಕಣೋ. ಪದಕೋಶ ಅಂತ ತೆರೆದಿದೀನಿ, ಪದಕೋಶ ಅಂತ ಮುಚ್ಚಿದೀನಿ, ಹೊಂದಲ್ಲ ಅಂತಿದೆ. ಎಲ್ಲಿ ಕಂಪ್ಲೇಂಟ್ ಮಾಡೋದು?’

‘ಮೊದಲು ಅಕ್ಷರ ಎಣಿಸು’ ಅಂದೆ. ‘ಎರಡರಲ್ಲೂ 5 ಬರಬೇಕು.’

ಕೀಲಿ ಒತ್ತುವ ಸದ್ದು ಕೇಳಿಸಿತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

‘ಒಂದರಲ್ಲಿ 7 ಇದೆಯಲ್ಲೋ’ ಅಂದಳು.