ಮಾದರಿಯ ಮಳೆ, ಮಾಪಕದ ಮಳೆ: ಪ್ರಾದೇಶಿಕ ವಾಯುಗುಣ ಮಾದರಿಗಳನ್ನು ಒರೆಗೆ ಹಚ್ಚುವ ಬಗೆ

ಭೂಪಟದ ಮೇಲೆ ಆಗುಂಬೆಯಿಂದ ಶಿವಮೊಗ್ಗಕ್ಕೆ ನೇರ ಗೆರೆ ಎಳೆದರೆ ಅಂತರ ಸುಮಾರು 70 ಕಿ.ಮೀ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಶಿವಮೊಗ್ಗದಲ್ಲಿ ಅದು 1,000 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ವಾಯುಗುಣ ಮಾದರಿ ಎಂದರೆ ಗಾಳಿ, ತೇವ, ಮಳೆಗಳನ್ನು ಭೌತಶಾಸ್ತ್ರದ ಸಮೀಕರಣಗಳಿಂದ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ನೂರಾರು ಕಿ.ಮೀ. ಅಗಲದ ಚೌಕಗಳಲ್ಲಿ ಭೂಮಿಯನ್ನು ಕಾಣುವ ಜಾಗತಿಕ ಮಾದರಿಗೆ ಈ ಎರಡು ಊರುಗಳೂ ಹೆಚ್ಚುಕಡಿಮೆ ಒಂದೇ. ಆ ಕೊರತೆಯನ್ನು ತುಂಬಲೆಂದು, ಸೀಮಿತ ಪ್ರದೇಶವೊಂದನ್ನು ಸಣ್ಣ ಚೌಕಗಳಾಗಿ ಒಡೆದು, ಅದರ ಅಂಚುಗಳಲ್ಲಿ ಮಾತ್ರ ಜಾಗತಿಕ ದತ್ತಾಂಶವನ್ನು ಉಣಿಸಿ ಓಡಿಸುವ ಪ್ರಾದೇಶಿಕ ಮಾದರಿಗಳು ಬಂದವು. ವಿಶ್ವ ವಾಯುಗುಣ ಸಂಶೋಧನಾ ಕಾರ್ಯಕ್ರಮವು 2009ರಲ್ಲಿ ಆರಂಭಿಸಿದ ಕಾರ್ಡೆಕ್ಸ್ ಯೋಜನೆಯ ದಕ್ಷಿಣ ಏಷ್ಯಾ ವಿಭಾಗದಲ್ಲಿ ಮೊದಲು ಸುಮಾರು 50 ಕಿ.ಮೀ., ಆಮೇಲೆ ಸುಮಾರು 25 ಕಿ.ಮೀ. ಚೌಕಗಳ ಓಟಗಳು (ಮಾದರಿಯನ್ನು ಒಮ್ಮೆ ಓಡಿಸಿ ಪಡೆದ ಲೆಕ್ಕಗಳು) ನಡೆದಿವೆ. ಇಂಥ ಮಾದರಿಯ ಮಳೆಯನ್ನು ನೆಲದ ಮೇಲೆ ಅಳೆದ ಮಳೆಯೊಂದಿಗೆ ಹೋಲಿಸುವಾಗ ಎಲ್ಲಿ ಎಚ್ಚರ ಬೇಕು ಎಂಬುದನ್ನು, ನನ್ನಂತೆಯೇ ಈ ವಿಷಯವನ್ನು ಕಲಿಯುತ್ತಿರುವವರಿಗಾಗಿ, ಪಶ್ಚಿಮ ಘಟ್ಟದ ಮುಂಗಾರನ್ನು ಉದಾಹರಣೆಯಾಗಿ ಇಟ್ಟುಕೊಂಡು ಬರೆದಿದ್ದೇನೆ.

ಉಷ್ಣವಲಯದಲ್ಲಿ ಈ ಪರೀಕ್ಷೆ ಹೆಚ್ಚು ಕಠಿಣವಾಗಲು ಭೌತಿಕ ಕಾರಣವಿದೆ. ಯುರೋಪಿನಂಥ ಮಧ್ಯ ಅಕ್ಷಾಂಶಗಳಲ್ಲಿ, ವಿಶೇಷವಾಗಿ ಚಳಿಗಾಲದಲ್ಲಿ, ಮಳೆಯನ್ನು ತರುವುದು ಸಾವಿರಾರು ಕಿ.ಮೀ. ಹರಡಿಕೊಂಡ ವಾಯುಭಾರ ವ್ಯವಸ್ಥೆಗಳು. ಅಂಚಿನಿಂದ ಸರಿಯಾದ ಗಾಳಿ ಒಳಬಂದರೆ ಮಳೆಯೂ ಬಹುಮಟ್ಟಿಗೆ ಸರಿಯಾಗುತ್ತದೆ. ನಮ್ಮಲ್ಲಿ ಮಳೆಯ ಬಹುಪಾಲು ಬರುವುದು ಬಿಸಿಯಾಗಿ ಮೇಲೇರುವ ತೇವದ ಗಾಳಿಯಿಂದ, ಕೆಲವೇ ಕಿ.ಮೀ. ಅಗಲದ ಮೋಡಗಳಿಂದ. 25 ಕಿ.ಮೀ. ಚೌಕದಲ್ಲಿ ಆ ಮೋಡ ಕಾಣುವುದೇ ಇಲ್ಲ. ಅದರ ಪರಿಣಾಮವನ್ನು ಸೂತ್ರಗಳ ಮೂಲಕ ಅಂದಾಜು ಮಾಡಬೇಕಾಗುತ್ತದೆ, ಮತ್ತು ಗ್ರೆಲ್, ಎಮ್ಯಾನ್ಯುಯೆಲ್, ಟೀಡ್ಕೆ, ಕೇನ್-ಫ್ರಿಟ್ಷ್ ಮೊದಲಾದ ಹೆಸರಿನ ಈ ಸೂತ್ರಗುಚ್ಛಗಳಲ್ಲಿ ಯಾವುದನ್ನು ಆರಿಸಿಕೊಂಡೆವು ಎಂಬುದರ ಮೇಲೆ ಅದೇ ಮಾದರಿಯ ಮುಂಗಾರು ಗುರುತು ಸಿಗದಷ್ಟು ಬದಲಾಗಬಲ್ಲದು.

ಹೋಲಿಕೆಗೆ ಕೂರುವ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಓಟದ ಅಂಚಿಗೆ ಏನನ್ನು ಉಣಿಸಿದ್ದಾರೆ ಎಂಬ ಪ್ರಶ್ನೆ. ಇಆರ್‌ಎ-ಇಂಟೆರಿಮ್ ಅಥವಾ ಇಆರ್‌ಎ5ರಂಥ ಮರುವಿಶ್ಲೇಷಣಾ ದತ್ತಾಂಶವನ್ನು, ಅಂದರೆ ಹಿಂದಿನ ದಿನಗಳ ವೀಕ್ಷಣೆಗಳನ್ನು ಮಾದರಿಯೊಂದಿಗೆ ಬೆಸೆದು ಕಟ್ಟಿದ ದಾಖಲೆಯನ್ನು, ಕೊಟ್ಟಿದ್ದರೆ, ಮಾದರಿಯ ಅಂಚಿನಲ್ಲಿ ಬೀಸುವುದು ಆಯಾ ದಿನ ನಿಜವಾಗಿ ಬೀಸಿದ ಗಾಳಿಗೆ ಹತ್ತಿರವಾದ ಗಾಳಿ. ಆಗ 2002ರ ಮುಂಗಾರನ್ನು ಮಾದರಿಯ 2002ರೊಂದಿಗೆ ಹೋಲಿಸುವುದು ನ್ಯಾಯ. ಆ ವರ್ಷ ದೇಶದ ಮುಂಗಾರು ಮಳೆ ವಾಡಿಕೆಗಿಂತ ಶೇ. 19ರಷ್ಟು ಕಡಿಮೆಯಾಗಿತ್ತು, ಜುಲೈ ತಿಂಗಳಲ್ಲಂತೂ ವಾಡಿಕೆಯ ಅರ್ಧದಷ್ಟೇ ಬಿದ್ದಿತ್ತು. ಮಾದರಿ ಆ ಬರವನ್ನು ತೋರಿಸದಿದ್ದರೆ ಅದು ದೋಷವೇ ಸರಿ. ಜಾಗತಿಕ ವಾಯುಗುಣ ಮಾದರಿಯಿಂದ ಅಂಚು ಪಡೆದ ಓಟದಲ್ಲಿ ಹೀಗೆ ನಿರೀಕ್ಷಿಸಲಾಗದು. ಅಲ್ಲಿನ 2002 ಎಂಬುದು ಕೇವಲ ಕ್ಯಾಲೆಂಡರಿನ ಅಂಕಿ. ಆ ಮಾದರಿಯ ಬರಗಾಲ ಬೇರೆ ಯಾವುದೋ ವರ್ಷದಲ್ಲಿ ಬಂದಿರುತ್ತದೆ. ಅಂಥ ಓಟವನ್ನು ಇಪ್ಪತ್ತು ಮೂವತ್ತು ವರ್ಷಗಳ ಸರಾಸರಿ, ಏರಿಳಿತದ ಪ್ರಮಾಣ, ಭಾರೀ ಮಳೆಯ ಆವರ್ತನ ಇವುಗಳಿಂದ ಮಾತ್ರ ಅಳೆಯಬೇಕು.

ಮುಂದಿನದು ದಿನಾಂಕದ ತೊಡಕು. ಮಳೆಮಾಪಕವನ್ನು ಓದುವವರು ಬೆಳಿಗ್ಗೆ 8.30ಕ್ಕೆ ಅದರ ಬಳಿ ಹೋಗುತ್ತಾರೆ, ಮೇಲಿನ ಆಲಿಕೆಯನ್ನು ತೆಗೆದು ಒಳಗಿನ ಪಾತ್ರೆಯ ನೀರನ್ನು ಅಳತೆಯ ಗಾಜಿಗೆ ಸುರಿಯುತ್ತಾರೆ, ನೀರಿನ ಮೇಲ್ಮೈಯ ತಗ್ಗಿದ ನಡುಭಾಗಕ್ಕೆ ಕಣ್ಣನ್ನು ಸಮನಾಗಿಟ್ಟು ಗೆರೆಯನ್ನು ಓದಿ, ಆ ಅಂಕಿಯನ್ನು ಅದೇ ದಿನದ ಹೆಸರಿನಲ್ಲಿ ಬರೆದಿಡುತ್ತಾರೆ. ಹಾಗಾಗಿ ದಾಖಲೆಯಲ್ಲಿ ‘ಜುಲೈ 15’ ಎಂದಿರುವ ಮಳೆ ವಾಸ್ತವವಾಗಿ 14ರ ಬೆಳಿಗ್ಗೆ 8.30ರಿಂದ 15ರ ಬೆಳಿಗ್ಗೆ 8.30ರವರೆಗೆ ಬಿದ್ದದ್ದು. ಮಾದರಿಯ ದಿನ ಸಾಮಾನ್ಯವಾಗಿ ಗ್ರೀನ್‌ವಿಚ್ ಕಾಲಮಾನದ ಮಧ್ಯರಾತ್ರಿಯಿಂದ ಶುರುವಾಗುತ್ತದೆ. ನಮ್ಮ ಗಡಿಯಾರದಲ್ಲಿ ಅದು 15ರ ಬೆಳಿಗ್ಗೆ 5.30ರಿಂದ 16ರ ಬೆಳಿಗ್ಗೆ 5.30ರವರೆಗೆ. ಒಂದೇ ದಿನಾಂಕ ಹೊತ್ತ ಈ ಎರಡು ಅಂಕಿಗಳಿಗೆ ಸಮಾನವಾದ ಕಾಲ ಕೇವಲ ಮೂರು ಗಂಟೆ! ಮಾದರಿಯ ಮೂರು ಗಂಟೆಗಳ ದತ್ತಾಂಶ ಸಿಕ್ಕರೆ ಗ್ರೀನ್‌ವಿಚ್ 3 ಗಂಟೆಯಿಂದ ಮರುದಿನದ 3 ಗಂಟೆಯವರೆಗೆ ಕೂಡಿಸಿಕೊಳ್ಳಬೇಕು; ದಿನದ ಮೊತ್ತವಷ್ಟೇ ಇದ್ದರೆ ಮಾದರಿಯ 14ನ್ನು ದಾಖಲೆಯ 15ಕ್ಕೆ ಜೋಡಿಸಬೇಕು, ಆಗ 21 ಗಂಟೆಗಳಾದರೂ ಹೊಂದುತ್ತವೆ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ದಿನವಾರು ಸಹಸಂಬಂಧ (ಎರಡು ಸಾಲುಗಳ ಅಂಕಿಗಳು ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದರ ಅಳತೆ) ತೀರಾ ಕಡಿಮೆ ಬಂದದ್ದನ್ನು ಕಂಡು ಮಾದರಿಯ ಭೌತಶಾಸ್ತ್ರದಲ್ಲಿ ಬಹಳ ದಿನ ತಪ್ಪು ಹುಡುಕಿದ್ದೆ. ತಪ್ಪು ಇದ್ದದ್ದು ದಿನಾಂಕದ ಜೋಡಣೆಯಲ್ಲಿ.

ಕಾಲ ಹೊಂದಿದ ಮೇಲೂ ಜಾಗ ಹೊಂದಬೇಕು. 200 ಚದರ ಸೆಂ.ಮೀ. ಬಾಯಿಯ ಮಾಪಕ ಹಿಡಿದ ಮಳೆಯನ್ನು, 25 ಕಿ.ಮೀ. ಉದ್ದಗಲದ, ಅಂದರೆ 625 ಚದರ ಕಿ.ಮೀ. ಚೌಕದ ಸರಾಸರಿಯೊಂದಿಗೆ ನಾವು ಹೋಲಿಸುತ್ತಿದ್ದೇವೆ. ಎರಡನೆಯದು ಮೊದಲನೆಯದರ 3,125 ಕೋಟಿ ಪಟ್ಟು ದೊಡ್ಡದು. ಚೌಕದ ಒಂದು ಮೂಲೆಯಲ್ಲಿ ಬಿರುಮಳೆ ಸುರಿದು ಉಳಿದೆಡೆ ಬಿಸಿಲಿದ್ದರೂ ಸರಾಸರಿಯಲ್ಲಿ ಅದು ಹದವಾದ ಮಳೆಯ ದಿನವಾಗಿ ಕಾಣುತ್ತದೆ. ಆದ್ದರಿಂದ ಚೌಕದ ಸರಾಸರಿಯಲ್ಲಿ ಮಳೆಯ ದಿನಗಳು ಹೆಚ್ಚು, ತೀವ್ರತೆ ಕಡಿಮೆ ಇರುವುದು ಸಹಜ. ಭಾರತೀಯ ಹವಾಮಾನ ಇಲಾಖೆಯ, ದೇಶವನ್ನು 0.25 ಡಿಗ್ರಿ ಚೌಕಗಳಾಗಿ ಒಡೆದು ಪ್ರತಿ ಚೌಕಕ್ಕೂ ಮಳೆಯ ಬೆಲೆ ಕೊಡುವ ಗ್ರಿಡ್ ದತ್ತಾಂಶವು 1901ರಿಂದ ಲಭ್ಯವಿದ್ದು, ಒಟ್ಟು 6,955 ಮಳೆಮಾಪಕಗಳ ದಾಖಲೆಯಿಂದ ಅದನ್ನು ಸಿದ್ಧಪಡಿಸಿರುವುದರಿಂದ, ಈ ಹೋಲಿಕೆಗೆ ಒಂಟಿ ಮಾಪಕಕ್ಕಿಂತ ಅದೇ ಸೂಕ್ತ. ಆದರೆ ಅಷ್ಟೂ ಮಾಪಕಗಳು ಎಲ್ಲ ವರ್ಷಗಳಲ್ಲೂ ಇರಲಿಲ್ಲ, ಮತ್ತು ಮಾಪಕವೇ ಇಲ್ಲದ ಚೌಕಕ್ಕೂ ಸುತ್ತಲಿನವುಗಳಿಂದ ದೂರಕ್ಕೆ ತಕ್ಕ ತೂಕ ಕೊಟ್ಟು ಬೆಲೆ ತುಂಬಲಾಗಿರುತ್ತದೆ. ಘಟ್ಟದ ಕಾಡಿನ ನೆತ್ತಿಯಲ್ಲಿ ಮಾಪಕಗಳು ವಿರಳ; ಜೋರು ಗಾಳಿಯಲ್ಲಿ ಹನಿಗಳು ಮಾಪಕದ ಬಾಯಿಯನ್ನು ತಪ್ಪಿಸಿಕೊಂಡು ಹೋಗುವುದೂ ಉಂಟು. ಹೀಗಾಗಿ ಘಟ್ಟದ ಮೇಲೆ ಮಾದರಿಯ ಮಳೆ ಗ್ರಿಡ್ ದತ್ತಾಂಶಕ್ಕಿಂತ ಹೆಚ್ಚಿದೆ ಎಂದ ಮಾತ್ರಕ್ಕೆ ಮಾದರಿಯೇ ತಪ್ಪು ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಮಾಪಕಗಳಿಂದ ಕಟ್ಟಿದ ಅಫ್ರೊಡೈಟಿ, ಮಾಪಕ ಮತ್ತು ಉಪಗ್ರಹ ಎರಡನ್ನೂ ಬೆಸೆದ ಚರ್ಪ್ಸ್, ಉಪಗ್ರಹ ಆಧಾರಿತ ಜಿಪಿಎಂ ಮೊದಲಾದ ಬೇರೆ ದತ್ತಾಂಶಗಳನ್ನೂ ಪಕ್ಕದಲ್ಲಿಟ್ಟು, ಅವುಗಳೊಳಗೇ ಎಷ್ಟು ಭಿನ್ನಮತವಿದೆ ಎಂದು ಮೊದಲು ನೋಡುವುದು ಒಳ್ಳೆಯದು.

ಉಷ್ಣಾಂಶದ ಹೋಲಿಕೆಯಲ್ಲಿ ಎತ್ತರವನ್ನು ಸರಿಪಡಿಸಿಕೊಂಡರೆ ಬಹುಪಾಲು ಕೆಲಸ ಮುಗಿಯಿತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀ. ಎತ್ತರದಲ್ಲಿದೆ, ಮಾದರಿಯ ಚೌಕದ ಸರಾಸರಿ ಎತ್ತರ 750 ಮೀ. ಎಂದಿಟ್ಟುಕೊಂಡರೆ, ಕಿ.ಮೀ.ಗೆ 6.5 ಡಿಗ್ರಿಯ ಲೆಕ್ಕದಲ್ಲಿ 2.6 ಡಿಗ್ರಿ ವ್ಯತ್ಯಾಸ ಎತ್ತರದಿಂದಲೇ ಬರುತ್ತದೆ. ಮುಂಗಾರಿನ ತೇವದ ಗಾಳಿಯಲ್ಲಿ ಈ ದರ ಇನ್ನೂ ಕಡಿಮೆ ಎಂಬುದನ್ನು ನೆನಪಿಡಬೇಕು.

ಇನ್ನು ಅಂಕಿಅಂಶದ ಅಳತೆಗೋಲುಗಳು. ಹೊಸಬರು ಬೇಗ ನಂಬಿಬಿಡುವುದು ಸಹಸಂಬಂಧ ಗುಣಾಂಕವನ್ನು. ಹನ್ನೆರಡು ತಿಂಗಳ ಮಳೆಯನ್ನು ಹಾಗೆಯೇ ಹೋಲಿಸಿದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ ಎಂಬುದಷ್ಟನ್ನೇ ಬಲ್ಲ ಯಾವ ಮಾದರಿಗಾದರೂ ಗುಣಾಂಕ ಎತ್ತರದಲ್ಲೇ ಬರುತ್ತದೆ. ಪ್ರತಿ ತಿಂಗಳಿಂದ ಆ ತಿಂಗಳ ವಾಡಿಕೆ ಮಳೆಯನ್ನು ಕಳೆದು, ಉಳಿದ ಹೆಚ್ಚುಕಡಿಮೆಗಳನ್ನಷ್ಟೇ ಹೋಲಿಸಿದಾಗ ಮಾದರಿಯ ನಿಜವಾದ ಬಲ ತಿಳಿಯುತ್ತದೆ.

ಸರಾಸರಿ ದೋಷವೂ ಅಷ್ಟೇ ಮೋಸಗೊಳಿಸಬಲ್ಲದು. ಒಂದು ಕಲ್ಪಿತ ಲೆಕ್ಕ ನೋಡೋಣ: ಬಯಲುಸೀಮೆಯ ಒಂದು ಚೌಕದಲ್ಲಿ, ಗ್ರಿಡ್ ದತ್ತಾಂಶದ ಪ್ರಕಾರ, ತಿಂಗಳಲ್ಲಿ 10 ದಿನ ತಲಾ 20 ಮಿ.ಮೀ. ಮಳೆ ಬಿದ್ದಿದೆ, ಮಾದರಿಯಲ್ಲಿ 25 ದಿನ ತಲಾ 8 ಮಿ.ಮೀ. ಎರಡೂ ಕಡೆ ಮೊತ್ತ 200 ಮಿ.ಮೀ., ದೋಷ ಸೊನ್ನೆ. ಆದರೆ ಮಾದರಿಯಲ್ಲಿ ತಿಂಗಳಿಡೀ ಜಿಟಿಜಿಟಿ ಸೋನೆ, ನೆಲದ ಮೇಲೆ ಹದ ಮಳೆ ಮತ್ತು ನಡುವೆ ಬಿಡುವು. ಬಿತ್ತನೆಯ ದಿನವನ್ನು ಲೆಕ್ಕ ಹಾಕುವ ರೈತನಿಗೂ ಕೆರೆಗೆ ಹರಿದುಬರುವ ನೀರನ್ನು ಅಂದಾಜಿಸುವ ಎಂಜಿನಿಯರಿಗೂ ಇವೆರಡು ಬೇರೆಯೇ ಮಳೆಗಾಲಗಳು. ಉಷ್ಣವಲಯದ ಮಾದರಿಗಳಲ್ಲಿ ಈ ಸೋನೆಯ ದೋಷ ವ್ಯಾಪಕವಾಗಿರುವುದರಿಂದ, ಮೊತ್ತದ ಜೊತೆಗೆ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನಗಳ ಎಣಿಕೆ, ಅಂಥ ದಿನದ ಸರಾಸರಿ ಮಳೆ, 95ನೇ ಶತಾಂಶ (ನೂರರಲ್ಲಿ 95 ದಿನಗಳ ಮಳೆ ಮೀರದ ಮಟ್ಟ), ಸತತ ಒಣದಿನಗಳ ಉದ್ದ ಇವನ್ನು ಬೇರೆಬೇರೆಯಾಗಿ ನೋಡಲೇಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮಳೆ ಬೀಳುವ ಹೊತ್ತು ಇನ್ನೊಂದು ಕಠಿಣ ಪರೀಕ್ಷೆ. ಏಪ್ರಿಲ್, ಮೇ ತಿಂಗಳ ಬೆಂಗಳೂರಿನಲ್ಲಿ ಗುಡುಗು ಮಳೆ ಹೆಚ್ಚಾಗಿ ಇಳಿಹೊತ್ತಿನಿಂದ ರಾತ್ರಿಯವರೆಗೆ ಬರುತ್ತದೆ. ಮೋಡವನ್ನು ಸೂತ್ರದಿಂದ ಅಂದಾಜಿಸುವ ಮಾದರಿಗಳು, ನೆಲ ಕಾದೊಡನೆ ಸೂತ್ರ ಕೆಲಸ ಶುರು ಮಾಡುವುದರಿಂದ, ನಡುಹಗಲಿಗೇ ಮಳೆ ಸುರಿಸಿಬಿಡುತ್ತವೆ. ಚೌಕವನ್ನು 4 ಕಿ.ಮೀ.ಗಿಂತ ಕಿರಿದಾಗಿಸಿ, ದೊಡ್ಡ ಮೋಡಗಳನ್ನು ಮಾದರಿಯೇ ನೇರವಾಗಿ ಕಟ್ಟುವಂತೆ ಬಿಟ್ಟಾಗ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ. ಆದರೆ ಅದನ್ನು ಪರೀಕ್ಷಿಸಲು ದಿನಕ್ಕೊಮ್ಮೆ ಓದುವ ಮಾಪಕ ಸಾಲದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೆಟ್ಟಿರುವ, 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುವ ಸ್ವಯಂಚಾಲಿತ ಮಳೆಮಾಪಕಗಳಂಥ ದಟ್ಟ ಜಾಲ ಇಲ್ಲಿ ನೆರವಿಗೆ ಬರುತ್ತದೆ. ಆ ದಾಖಲೆ ಮೂವತ್ತು ವರ್ಷದಷ್ಟು ಉದ್ದ ಇಲ್ಲದಿರುವುದರಿಂದ ವಾಯುಗುಣದ ಸರಾಸರಿಗೆ ಅದು ಒದಗದು. ಮಳೆ ಎಷ್ಟು ಗಂಟೆಗೆ ಶುರುವಾಯಿತು, ಘಟ್ಟದಿಂದ ಬಯಲಿಗೆ ಹೇಗೆ ಸರಿಯಿತು ಎಂಬುದನ್ನು ಮಾದರಿಯ ಎದುರಿಗೆ ಇಟ್ಟು ನೋಡಲು ಕೆಲವು ಮುಂಗಾರುಗಳ ದಾಖಲೆಯಾದರೂ ಸಾಕು.