ಗೆರೆಯ ತುದಿ ಉಜ್ಜಬೇಡಿ

ಹಳೆ ಕಾರು, ಜೀಪು, ಬುಲೆಟ್ ಇಟ್ಟುಕೊಂಡವರು ಫೋಟೊ ಕಳಿಸಿ ಕೇಳುವುದು ಒಂದೇ ಮಾತು: “ಈ ಲೈನಿಂಗ್ ಯಾರ ಕೈಯದು, ಸ್ವಲ್ಪ ಹೇಳ್ರಿ.” ಲೈನಿಂಗ್ ಅಂದರೆ ಗಾಡಿಯ ಮೈಮೇಲೆ ಬ್ರಷ್‌ನಿಂದ ಕೈಯಾರೆ ಎಳೆದ ಸಣ್ಣ ಅಲಂಕಾರದ ಗೆರೆ. ಫೋಟೊದಲ್ಲಿ ಗಾಡಿ ಫಳಫಳ ಹೊಳೆಯುತ್ತಿರುತ್ತದೆ. ನಲವತ್ತು ವರ್ಷದ ಬಣ್ಣ ಹಾಗೆ ಹೊಳೆದರೆ ಬಹುಪಾಲು ಸಲ ಆಗಲೇ ಕಾಂಪೌಂಡ್, ಅಂದರೆ ಬಣ್ಣ ಉಜ್ಜಿ ಹೊಳಪು ಬರಿಸುವ ಪೇಸ್ಟ್, ಬಿದ್ದಿರುತ್ತದೆ. ಯಾರ ಕೈ ಎಂದು ಹೇಳಬಲ್ಲ ಗುರುತು ಉಜ್ಜಿದ ಬಟ್ಟೆಗೆ ಅಂಟಿಕೊಂಡು ಹೋಗಿರುತ್ತದೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ವಿಷಯ ಇದು: ಗೆರೆ ಎಳೆದವರನ್ನು ಡಿಸೈನ್ ನೋಡಿ ಹಿಡಿಯಲಾಗದು. “ಇದೇ ಬಳ್ಳಿ ಹರಿಹರದ ಲಾರಿಗಳ ಮೇಲೂ ಇತ್ತು, ಹಾಗಾದರೆ ಅವರೇ ಬರೆದಿದ್ದು” ಅನ್ನುತ್ತಾರೆ. ಬಳ್ಳಿ ಕಾಗದದ ಮೇಲೆ ಊರೂರು ತಿರುಗುತ್ತದೆ. ಕಾಗದದಲ್ಲಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಗಾಡಿಯ ಮೈಗೆ ಒತ್ತಿ ಹಿಡಿದು, ಸೀಮೆಸುಣ್ಣದ ಪುಡಿಯ ಗಂಟು ತಟ್ಟಿದರೆ ಚುಕ್ಕಿಗಳು ಮೂಡುತ್ತವೆ. ಆ ಕಾಗದ ಶಿಷ್ಯನಿಗೆ, ಶಿಷ್ಯನಿಂದ ಪಕ್ಕದ ಗ್ಯಾರೇಜಿಗೆ ಹೋಗುತ್ತದೆ. ಚುಕ್ಕಿಗಳ ಮೇಲೆ ಬ್ರಷ್ ಓಡಿಸಿದ ಬೆರಳು ಮಾತ್ರ ಒಬ್ಬೊಬ್ಬರದು ಒಂದೊಂದು ಥರ.

ಆ ಬೆರಳು ಕಾಣಿಸುವ ಜಾಗ ಗೆರೆಯ ಆರಂಭ, ಕೊನೆ, ಕೂಡು ಮತ್ತು ತಿರುವು. ಲೈನಿಂಗ್ ಬ್ರಷ್‌ನ ಕೂದಲು ಎರಡು ಇಂಚಿನ ಆಸುಪಾಸು ಉದ್ದ, ಹಿಡಿ ಗಿಡ್ಡ. ಒತ್ತಿದರೆ ಗೆರೆ ದಪ್ಪ, ಸಡಿಲಿಸಿದರೆ ತೆಳು. ಬ್ರಷ್ ಇಟ್ಟಲ್ಲಿ ತುದಿ ತುಸು ದುಂಡಗೆ, ದಪ್ಪಗೆ ಇರುತ್ತದೆ. ಎತ್ತಿದಲ್ಲಿ ಬಾಲದಂತೆ ಸಣ್ಣಗಾಗುತ್ತದೆ. ಕೆಲವರು ನೇರವಾಗಿ ಎತ್ತುತ್ತಾರೆ, ಕೆಲವರು ಎತ್ತುವಾಗ ಬ್ರಷ್ ಹೊರಳಿಸುತ್ತಾರೆ, ಆಗ ಬಾಲ ಒಂದು ಪಕ್ಕಕ್ಕೆ ವಾಲುತ್ತದೆ. ಬಾನೆಟ್‌ನಿಂದ ಡಿಕ್ಕಿವರೆಗೆ ಒಂದೇ ಉಸಿರಿಗೆ ಎಳೆಯುವುದು ಕಷ್ಟ, ನಡುವೆ ಬಣ್ಣ ತುಂಬಿಕೊಳ್ಳಬೇಕಾಗುತ್ತದೆ. ಹಾಗೆ ನಿಲ್ಲಿಸಿದ ಕೂಡನ್ನು ಒಬ್ಬರು ಡೋರಿನ ಸಂದಿಯಲ್ಲಿ ಅಡಗಿಸುತ್ತಾರೆ, ಇನ್ನೊಬ್ಬರು ಹಳೆ ಗೆರೆಯ ಮೇಲೆ ಎರಡು ಇಂಚು ಹಾಯಿಸಿ ಬಿಡುತ್ತಾರೆ. ಮೂಲೆಯಲ್ಲಿ ಬ್ರಷ್ಷನ್ನು ಬೆರಳ ನಡುವೆ ತಿರುಗಿಸಿ ಒಂದೇ ಎಳೆತದಲ್ಲಿ ಸುತ್ತುವವರೂ ಇದ್ದಾರೆ, ಎರಡು ಗೆರೆ ತಂದು ಕೂಡಿಸುವವರೂ ಇದ್ದಾರೆ. ಎಡ ಬಲ ಎರಡೂ ಪಕ್ಕ ನೋಡಿ. ಒಂದು ಪಕ್ಕ ಕೈ ಸಲೀಸಾಗಿ ಓಡಿರುತ್ತದೆ, ಇನ್ನೊಂದು ಪಕ್ಕ ತಿಣುಕಿರುತ್ತದೆ. ತಿಣುಕಿದ ಪಕ್ಕವೇ ಹೆಚ್ಚು ಮಾತಾಡುತ್ತದೆ, ಏಕೆಂದರೆ ಅಲ್ಲಿ ಅಭ್ಯಾಸವನ್ನು ಮುಚ್ಚಿಡಲಾಗುವುದಿಲ್ಲ.

ಈ ತುದಿಗಳಲ್ಲಿ ಬಣ್ಣ ಅತಿ ತೆಳು. ಕಾಂಪೌಂಡ್ ಮೊದಲು ತಿನ್ನುವುದು ಅದನ್ನೇ. ಥಿನ್ನರ್ ಬಟ್ಟೆ ಇನ್ನೂ ಕೆಟ್ಟದ್ದು: ಕೆಳಗಿನ ಡುಕೋ, ಅಂದರೆ ಹಳೆ ಗಾಡಿಗಳ ಲ್ಯಾಕರ್ ಬಣ್ಣ, ಮೆತ್ತಗಾಗಿ ಮೇಲಿನ ಎನಾಮೆಲ್ ಗೆರೆ ಸುಕ್ಕುಗಟ್ಟುತ್ತದೆ. ಪೆಟ್ರೋಲ್ ಕೂಡ ಬೇಡ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಶಾಂಪೂ, ಹಳೆ ಮಲ್ ಬಟ್ಟೆ, ಗೆರೆಯುದ್ದಕ್ಕೆ ಹಗುರವಾಗಿ ಒರೆಸುವುದು, ಅಷ್ಟೇ. ಗೆರೆಯ ಬಣ್ಣ ಕಿತ್ತು ಎದ್ದಿದ್ದರೆ ಅದೂ ಬೇಡ, ಮೆತ್ತನೆ ಬ್ರಷ್‌ನಲ್ಲಿ ಧೂಳು ಕೊಡವಿ ಬಿಡಿ.

ಆಮೇಲೆ ಅಕ್ಕಸಾಲಿಗರ ಹತ್ತು ಪಟ್ಟಿನ ಮಸೂರ ತನ್ನಿ. ಕತ್ತಲಲ್ಲಿ ಟಾರ್ಚನ್ನು ಗಾಡಿಯ ಮೈಗೆ ಆನಿಸಿದಂತೆ ಅಡ್ಡ ಹಿಡಿಯಿರಿ. ಕೈಗೆರೆಯಲ್ಲಿ ಕೂದಲಿನ ಸಣ್ಣ ಸಾಲುಗಳು ಉದ್ದಕ್ಕೆ ಕಾಣುತ್ತವೆ, ಅಂಚು ಮೆಲ್ಲಗೆ ಇಳಿಯುತ್ತದೆ. ಟೇಪ್ ಹಾಕಿ ಸ್ಪ್ರೇ ಮಾಡಿದ್ದರೆ ಎರಡೂ ಅಂಚು ಮೆಟ್ಟಿಲಿನಂತೆ ಎದ್ದಿರುತ್ತವೆ. ಸ್ಟಿಕ್ಕರ್ ಆದರೆ ಅಂಚಿಗೆ ಕೊಳೆ ಕೂತಿರುತ್ತದೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಡಿ, ಇಲ್ಲದಿದ್ದರೆ ಎರಡು ಗಾಡಿಗಳ ಗೆರೆ ಹೋಲಿಸಲು ಬರುವುದಿಲ್ಲ. ನಂಬರ್ ಪ್ಲೇಟ್ ಹಿಂದೆ, ಕನ್ನಡಿಯ ಬುಡ, ಡಿಕ್ಕಿಯ ಒಳಮಡಿಕೆ ನೋಡಿ. ಯಾರೂ ಉಜ್ಜದ ಗೆರೆ ಉಳಿದಿದ್ದರೆ ಅಲ್ಲೇ.

ಬುಲೆಟ್ ಟ್ಯಾಂಕಿನ ಬಂಗಾರದ ಗೆರೆಗೆ ದಾವಣಗೆರೆಯ ಪೇಂಟರ್ ಹೆಸರು ಹಚ್ಚುವ ಮುನ್ನ ತುಸು ನಿಲ್ಲಿ. ರಾಯಲ್ ಎನ್‌ಫೀಲ್ಡ್‌ನ ತಿರುವೊಟ್ಟಿಯೂರು ಕಾರ್ಖಾನೆಯಲ್ಲೇ ಆ ಗೆರೆಯನ್ನು ಕೈಯಿಂದ ಎಳೆಯುತ್ತಿದ್ದರು. ಕೈಗೆರೆ ಅಂದ ಮಾತ್ರಕ್ಕೆ ಊರಿನದಾಗಬೇಕಿಲ್ಲ.

ಕಾಗದಪತ್ರದಲ್ಲೂ ಒಂದು ತೊಡಕಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಳೆಯ ದಾಖಲೆಯಲ್ಲಿ ದಾವಣಗೆರೆ ಊರೊಳಗಿನ ಪಿ.ಜೆ. ಬಡಾವಣೆಯ ಗಾಡಿಗೂ ಚಿತ್ರದುರ್ಗ ಜಿಲ್ಲೆ ಎಂದೇ ಇರುತ್ತದೆ. ಅದನ್ನು ನೋಡಿ ಚಿತ್ರದುರ್ಗದ ಕೋಟೆ ಊರಿನ ಪೇಂಟರ್‌ಗಳನ್ನು ಹುಡುಕಿ ಅಲೆಯಬೇಡಿ.

ಸಹಿ ಇದ್ದರೆ ಸಾಕಲ್ಲವೇ ಎನ್ನುವವರಿಗೆ: ಆಮೇಲೆ ಸೇರಿಸಲು ಅತಿ ಸುಲಭವಾದದ್ದು ಸಹಿಯೇ. 1950ರ ದಶಕದಲ್ಲಿ ಹೆಸರಾದ ಅಮೆರಿಕದ ಲೈನಿಂಗ್ ಕಲಾವಿದ ವಾನ್ ಡಚ್, ಅಂದರೆ ಕೆನೆತ್ ಹೋವರ್ಡ್, 1992ರಲ್ಲಿ ತೀರಿಕೊಂಡರು. ಅವರ ಹೆಸರಿನ ನಕಲಿ ಕೆಲಸ ಇಂದಿಗೂ ಸಂತೆಗೆ ಬರುತ್ತದೆ. ಗೆರೆಯ ಬಣ್ಣ ಬಿರುಕುಬಿಟ್ಟು ಸಹಿಯ ಬಣ್ಣ ನುಣುಪಾಗಿದ್ದರೆ ಅನುಮಾನಿಸಿ.

ನಮ್ಮ ಕಡೆ ಹೋಲಿಕೆಗೆ ಒಳ್ಳೆಯ ಆಸರೆ ಹಳೆ ಅಂಗಡಿ ಬೋರ್ಡುಗಳು. ಗಾಡಿಗೆ ಲೈನಿಂಗ್ ಮಾಡಿದವರಲ್ಲಿ ಹಲವರು ಬೋರ್ಡನ್ನೂ ಬರೆದವರು. ಅಕ್ಷರದ ದೀರ್ಘ, ಕೊಂಬು, ಒತ್ತಿನ ಬಾಲ ಎಲ್ಲಿ ತೆಳುವಾಗಿ ಯಾವ ಕಡೆ ವಾಲುತ್ತದೆ ಎಂದು ಗೆರೆಯ ತುದಿಯ ಪಕ್ಕಕ್ಕಿಟ್ಟು ನೋಡಿ. ಬೋರ್ಡಿನ ಬ್ರಷ್ ಬೇರೆ, ಹಾಗಾಗಿ ಇದು ಸುಳಿವು ಮಾತ್ರ. ಫ್ಲೆಕ್ಸ್ ಬಂದಮೇಲೆ ಆ ಬೋರ್ಡುಗಳು ಗುಜರಿಗೆ ಹೋಗುತ್ತಿವೆ. ಕಂಡಲ್ಲಿ ಫೋಟೊ ತೆಗೆದಿಡಿ, ಆ ಕೈಗಳಿಗೆ ಬೇರೆ ಸಾಕ್ಷಿ ಸಿಗುವುದು ಅಪರೂಪ.

ತುದಿ, ಕೂಡು, ತಿರುವು ಮೂರೂ ಹೊಂದಿ, ಜೊತೆಗೆ ಹಳೆ ಬಿಲ್ಲೋ ಮನೆಯವರ ಫೋಟೊವೋ ಇದ್ದರೆ ಹೆಸರು ಬರೆಯಬಹುದು. ಬರೀ ಹೊಂದಿಕೆ ಇದ್ದರೆ “ಇವರ ಕೈಯಂತಿದೆ” ಎಂದಷ್ಟೇ ಬರೆಯಿರಿ. ಮಾರುವಾಗಲೂ ಅದನ್ನೇ ಹೇಳಿ. ಗಾಡಿ ರೀಪೇಂಟ್‌ಗೆ ಕೊಡುವುದೇ ಆದರೆ, ಹಿಂದಿನ ದಿನವೇ ಎರಡೂ ಪಕ್ಕದ ಗೆರೆಯ ಮೇಲೆ ಟ್ರೇಸಿಂಗ್ ಪೇಪರ್ ಹಿಡಿದು ಮೆತ್ತನೆ ಪೆನ್ಸಿಲ್‌ನಲ್ಲಿ ಒತ್ತದೆ ನಕಲು ತೆಗೆದು, ಯಾವ ಡೋರು, ಯಾವ ಪಕ್ಕ, ಯಾವ ತಾರೀಕು ಎಂದು ಮೂಲೆಯಲ್ಲಿ ಬರೆದಿಡಿ.