ಬಿಳಿ ರಕ್ತಕಣ ಸರಿಯಾಗಿದೆ, ಇನ್ನೂ ಒಳಗೇ ಕೂರಬೇಕೇ? ಹಾರ್ಮೋನ್ ಇಂಜೆಕ್ಷನ್ ಕೊಡಿಸಬಹುದೇ?

ಪ್ರಶ್ನೆ: ನನ್ನ ತಮ್ಮನಿಗೆ 41 ವರ್ಷ. ರಕ್ತದ ಕ್ಯಾನ್ಸರಿಗೆ ಕಾಂಡಕೋಶ ಕಸಿಯಾಗಿ ಐದು ತಿಂಗಳಾಯಿತು. ಕೋಶ ಕೊಟ್ಟವನು ನಾನೇ. ಬಿಳಿ ರಕ್ತಕಣ 6,200ಕ್ಕೆ ಬಂದಿದೆ, ಆದರೂ ಜನ ಸೇರುವಲ್ಲಿಗೆ ಬಿಡಬೇಡಿ ಎನ್ನುತ್ತಾರೆ. ಮನೆಯ ದೈವದ ನೇಮವನ್ನೂ ಅವನು ಉಪ್ಪರಿಗೆಯ ಕಿಟಕಿಯಿಂದಲೇ ನೋಡಿದ. ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ರೋಗನಿರೋಧಕ ಶಕ್ತಿ ಬೇಗ ಮರಳುತ್ತದಂತೆ. ನಿಜವೇ?
– ಮಲ್ಪೆಯ ಓದುಗರು

ಉತ್ತರ: ನಿಮ್ಮ ಕಿವಿಗೆ ಬಿದ್ದದ್ದು ಗಾಳಿಸುದ್ದಿಯಲ್ಲ, ಅದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಆದರೆ ಅದು ಇನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ.

ಮೊದಲು ಆ 6,200ರ ವಿಚಾರ. ಅದರಲ್ಲಿ ದೊಡ್ಡ ಪಾಲು ನ್ಯೂಟ್ರೋಫಿಲ್ ಎಂಬ ಕಣಗಳದು. ಕಸಿಯಾದ ಎರಡರಿಂದ ನಾಲ್ಕು ವಾರಗಳಲ್ಲೇ ಅವು ಮರಳುತ್ತವೆ. ತಡವಾಗುವುದು ಸೋಂಕನ್ನು ಗುರುತಿಸಿ ಕಾದಾಡುವ ಟಿ ಕಣಗಳದ್ದು, ಅದರಲ್ಲೂ ಸಿಡಿ4 ಎಂಬ ಬಗೆಯದು. ವಯಸ್ಕರಲ್ಲಿ ಇದಕ್ಕೆ ಒಂದೆರಡು ವರ್ಷವೂ ಹಿಡಿಯಬಹುದು. ಈಗ ನಿಮ್ಮ ತಮ್ಮನಲ್ಲಿರುವ ಟಿ ಕಣಗಳಲ್ಲಿ ಹೆಚ್ಚಿನವು ನಿಮ್ಮಿಂದ ಬಂದ ಹಳೆಯ ಕಣಗಳ ಸಂತತಿಯೇ ಆಗಿರುವ ಸಾಧ್ಯತೆ ಹೆಚ್ಚು. ಹೊಸಬೆಳೆ ಇನ್ನೂ ಬರಬೇಕಾಗಿದೆ.

ಆ ಬೆಳೆಯ ನೇಜಿ ಎಬ್ಬಿಸುವ ಗದ್ದೆ ಎದೆಮೂಳೆಯ ಹಿಂದಿದೆ, ಥೈಮಸ್ ಎಂಬ ಗ್ರಂಥಿ. ಅಸ್ಥಿಮಜ್ಜೆಯಿಂದ ಬಂದ ಬೀಜ ಇಲ್ಲಿ ಮೊಳೆಯುತ್ತದೆ. ಸ್ವಂತ ಮೈಯನ್ನೇ ಕಚ್ಚುವ, ಯಾವುದಕ್ಕೂ ಒದಗದ ಸಸಿಗಳನ್ನು ಇಲ್ಲೇ ಕಿತ್ತೆಸೆಯಲಾಗುತ್ತದೆ. ನೂರಕ್ಕೆ 95ಕ್ಕೂ ಹೆಚ್ಚು ಹೀಗೆ ಹೋಗುತ್ತವೆ. ಇಷ್ಟು ದೊಡ್ಡ ಕೆಲಸದ ಈ ಗ್ರಂಥಿಯನ್ನು 1961ರಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ತೋರಿಸಿಕೊಡುವವರೆಗೂ ಉಪಯೋಗವಿಲ್ಲದ್ದು ಎಂದೇ ಬಗೆದಿದ್ದರು.

ಹರೆಯ ಬರುತ್ತಿದ್ದಂತೆ ಈ ಗದ್ದೆ ಹಡಿಲು ಬೀಳತೊಡಗುತ್ತದೆ, ಜಾಗವನ್ನು ಕೊಬ್ಬು ಆವರಿಸುತ್ತದೆ. ಲೈಂಗಿಕ ಹಾರ್ಮೋನುಗಳು ಇದಕ್ಕೊಂದು ಮುಖ್ಯ ಕಾರಣ. ಬೀಜ ಒಡೆಸಿದ ಎತ್ತುಗಳಲ್ಲಿ ಥೈಮಸ್ ದೊಡ್ಡದಾಗಿ ಉಳಿಯುವುದನ್ನು ಹೆಂಡರ್ಸನ್ ಎಂಬ ವಿಜ್ಞಾನಿ 1904ರಲ್ಲೇ ದಾಖಲಿಸಿದ್ದ. ನಲವತ್ತು ದಾಟಿದವರಲ್ಲಿ ಗದ್ದೆ ಮೊದಲೇ ಬಡಕಲು. ಅದರ ಮೇಲೆ ಕಿಮೋಥೆರಪಿ ಮತ್ತು ವಿಕಿರಣದ ಹೊಡೆತ ಬೇರೆ.

ಹಾಗಾದರೆ ಆ ಹಾರ್ಮೋನುಗಳನ್ನು ಕೆಲಕಾಲ ತಡೆದರೆ ಹಡಿಲು ಗದ್ದೆಯನ್ನು ಮತ್ತೆ ಉಳಬಹುದಲ್ಲವೇ? ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ರಿಚರ್ಡ್ ಬಾಯ್ಡ್ ಅವರ ತಂಡ ಕೇಳಿಕೊಂಡ ಪ್ರಶ್ನೆ ಇದೇ. ಬಳಸಿದ ಔಷಧ ಹೊಸದೇನಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಗೋಸರೆಲಿನ್. ಈ ಬಗೆಯ ಔಷಧ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಮೊದಲು ಕೆರಳಿಸಿ, ನಂತರ ಸುಮ್ಮನಾಗಿಸುತ್ತದೆ. ಕೆಲವೇ ವಾರಗಳಲ್ಲಿ ಲೈಂಗಿಕ ಹಾರ್ಮೋನು ತಳಕ್ಕಿಳಿಯುತ್ತದೆ. ಇಲಿಗಳಲ್ಲಿ ಥೈಮಸ್ ಚಿಗುರಿತು. 2008ರಲ್ಲಿ ಪ್ರಕಟವಾದ ಮಾನವ ಪ್ರಯೋಗದಲ್ಲಿ, ಕಸಿಗೆ ಮುಂಚೆಯೇ ಈ ಔಷಧ ಆರಂಭಿಸಿದವರಲ್ಲಿ ಹೊಸ ಟಿ ಕಣಗಳ ಗುರುತು ಹೆಚ್ಚು ಕಂಡಿತು. ನನಗೂ ಇದರಲ್ಲಿ ಭರವಸೆಯಿದೆ. ಆದರೆ ಅದು ಚಿಕ್ಕ ಪ್ರಯೋಗ, ಚೀಟಿ ಎತ್ತಿ ಗುಂಪು ಮಾಡಿದ್ದೂ ಅಲ್ಲ. ಸೋಂಕು ಕಡಿಮೆಯಾಗುತ್ತದೆ, ಬದುಕು ಉಳಿಯುತ್ತದೆ ಎನ್ನಲು ಅಷ್ಟು ಸಾಲದು.

ನಿಮ್ಮ ತಮ್ಮನಿಗೆ ಕಸಿ ಆಗಿಹೋಗಿದೆ. ಈಗ ಈ ಇಂಜೆಕ್ಷನ್ ಕೊಟ್ಟರೆ ಆಗಾಗ ಮೈ ಬಿಸಿಯೇರುವುದು, ಕಾಮಾಸಕ್ತಿ ಕುಗ್ಗುವುದು, ಮೂಳೆ ಸವೆಯುವುದು ಖಂಡಿತ ಎದುರಾಗಬಹುದು, ಲಾಭ ಖಂಡಿತವಲ್ಲ. ಬೆಳವಣಿಗೆ ಹಾರ್ಮೋನಿನ ಹೆಸರೂ ಕೇಳಿರಬಹುದು. ಎಚ್‌ಐವಿ ಇರುವವರಲ್ಲಿ ಅದು ಥೈಮಸ್ಸನ್ನು ಹಿಗ್ಗಿಸಿದ್ದು ನಿಜ. ಆದರೆ ಸಕ್ರಿಯ ಕ್ಯಾನ್ಸರ್ ಇರುವಾಗ ಅದನ್ನು ಕೊಡುವಂತೆಯೇ ಇಲ್ಲ, ಹಾಗಾಗಿ ರಕ್ತದ ಕ್ಯಾನ್ಸರ್ ಬಂದು ಹೋದವರ ವಿಷಯದಲ್ಲಿ ಬಹಳ ಎಚ್ಚರ ಬೇಕು. ಇನ್ನೊಂದು ಮಾತು: ಹಾರ್ಮೋನ್ ಎಂದರೆ ಒಂದೇ ಅಲ್ಲ. ಪ್ರೆಡ್ನಿಸೊಲೋನ್ ಮಾತ್ರೆಯೂ ಹಾರ್ಮೋನ್ ಜಾತಿಯದೇ, ಅದರ ಕೆಲಸ ಮಾತ್ರ ರೋಗನಿರೋಧಕ ಶಕ್ತಿಯನ್ನು ಅದುಮುವುದು. ನಿಮ್ಮ ಕಣಗಳು ತಮ್ಮನ ಮೈಮೇಲೆ ತಿರುಗಿಬೀಳದಂತೆ ಅದನ್ನು ಕೊಟ್ಟಿರಬಹುದು. ಅದನ್ನು ನೀವಾಗಿಯೇ ನಿಲ್ಲಿಸಬೇಡಿ.

ಕೈಯಲ್ಲಿರುವ ದಾರಿ ಲಸಿಕೆಯದು. ಚಿಕ್ಕಂದಿನ ಲಸಿಕೆಗಳ ನೆನಪು ಕಸಿಯೊಂದಿಗೆ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ನಿರ್ಜೀವ ಲಸಿಕೆಗಳನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಡುವೆ ಮತ್ತೆ ಶುರು ಮಾಡುತ್ತಾರೆ; ದಡಾರದಂಥ ಸಜೀವ ಲಸಿಕೆ ಎರಡು ವರ್ಷದ ಮೊದಲು ಬೇಡ. ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಅಂಗಳದಲ್ಲಿ ಬೂಸಲು ಹಿಡಿದ ಅಡಿಕೆ ಕೆದಕುವಾಗ, ಹಳೆಯ ಬೈಹುಲ್ಲು ಎಳೆಯುವಾಗ ಅವನು ಹತ್ತಿರವಿರಬಾರದು; ಆ ಧೂಳಿನಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿದರೆ ಬಹಳ ಕಷ್ಟ. ಮಳೆಗಾಲದಲ್ಲಿ ಸೊಳ್ಳೆಪರದೆ ಬೇಕು, ಬರಿಗಾಲಲ್ಲಿ ಗದ್ದೆಗೆ ಇಳಿಯುವುದು ಬೇಡ: ಡೆಂಗಿ, ಮಲೇರಿಯ, ಇಲಿಜ್ವರ ಮೂರೂ ನಮ್ಮ ಕರಾವಳಿಯವೇ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸಿಡಿ4 ಎಷ್ಟಿದೆ ಎಂದು ಕೇಳಿ. ಮೈಕ್ರೋಲೀಟರಿಗೆ 200 ದಾಟುವುದನ್ನು ವೈದ್ಯರು ಮುಖ್ಯ ಮೆಟ್ಟಿಲಾಗಿ ನೋಡುತ್ತಾರೆ. ಮುಂದಿನ ವರ್ಷದ ನೇಮಕ್ಕೆ ನಿಮ್ಮ ತಮ್ಮನು ಅಂಗಳದಲ್ಲೇ ನಿಲ್ಲಬಹುದೇ ಎಂಬುದನ್ನು ಆ ಅಂಕಿ ಎದುರಿಗಿಟ್ಟುಕೊಂಡು ಅವರ ಜೊತೆ ಮಾತನಾಡಿ.